ಅಕ್ಬರ್ ಪದಮ್‌ಸಿಯವರ ‘ಮೆಟಾಸ್ಕೇಪ್’: ಎಲ್ಲಿಯೂ ಇಲ್ಲದ ಊರಿನ ಬಣ್ಣಗಳನ್ನು ನೋಡುವುದು ಹೇಗೆ?

ಮಾಟುಂಗಾದ ಓದುಗ

ಎಲ್ಲರಿಗೂ ನಮಸ್ಕಾರ. ಚಿತ್ರಕಲೆಯನ್ನು ನಾನು ಕ್ರಮವಾಗಿ ಕಲಿತವನಲ್ಲ. ಕಚೇರಿ ಫೋರ್ಟ್ ಭಾಗದಲ್ಲಿರುವುದರಿಂದ ಮಧ್ಯಾಹ್ನದ ಬಿಡುವಿನಲ್ಲಿ ಕಾಲಾ ಘೋಡಾದ ಗ್ಯಾಲರಿಗಳಿಗೆ ಹೋಗಿಬರುವ ಅಭ್ಯಾಸವೊಂದಿದೆ, ಅಷ್ಟೆ. ಈಚೆಗೆ ಅಲ್ಲೊಂದು ಕಡೆ ಚಿತ್ರಕಾರ ಅಕ್ಬರ್ ಪದಮ್‌ಸಿಯವರ ‘ಮೆಟಾಸ್ಕೇಪ್’ (ಮನಸ್ಸಿನಲ್ಲೇ ಕಟ್ಟಿದ ನಿಸರ್ಗಚಿತ್ರ) ಮಾಲಿಕೆಯ ತೈಲಚಿತ್ರವೊಂದನ್ನು ನೋಡಿದೆ. ಮೇಲುಗಡೆ ಎರಡು ಬಿಂಬಗಳು, ಒಂದು ಸೂರ್ಯ, ಇನ್ನೊಂದು ಚಂದ್ರ ಇರಬೇಕು. ಕೆಳಗೆ ಇಟ್ಟಿಗೆಯ ಕೆಂಪಿನಿಂದ ಕಂದುಬಣ್ಣಕ್ಕೆ ಇಳಿಯುವ ಗುಡ್ಡದಂಥ ಆಕಾರಗಳು. ಅವುಗಳ ನಡುವೆ ನೀರೆಂದು ಊಹಿಸಬಹುದಾದ ನೀಲಿಯ ಕಿರಿದಾದ ಪಟ್ಟಿ. ಮರವಿಲ್ಲ, ಮನೆಯಿಲ್ಲ, ಮನುಷ್ಯರಿಲ್ಲ, ಯಾವ ಊರೆಂದು ಹೇಳುವ ಒಂದು ಗುರುತೂ ಇಲ್ಲ. ಆದರೂ ಅದರೆದುರು ನಿಂತಾಗ ಬಯಲಿನಲ್ಲಿ ನಿಂತ ಅನುಭವವೇ ಆಯಿತು.

ನನ್ನ ಸಂದೇಹ ಇಷ್ಟು. ನಿಸರ್ಗದಿಂದ ಪ್ರೇರಣೆ ಪಡೆದ ಚಿತ್ರವೆಂದು ಹೇಳಿ, ನಿಸರ್ಗದಲ್ಲಿ ಎಲ್ಲಿಯೂ ಕಾಣದ ಬಣ್ಣಗಳನ್ನು ಹಾಕಿದರೆ ಆ ಬಣ್ಣಗಳಿಗೆ ಆಧಾರ ಯಾವುದು? ಕಲಾವಿದನ ಮನಸ್ಸಿಗೆ ತೋಚಿದ್ದೇ ಅಥವಾ ಅದರ ಹಿಂದೆ ನಾವು ಅರಿತುಕೊಳ್ಳಬಹುದಾದ ಒಂದು ಕ್ರಮವಿದೆಯೇ? ಗ್ಯಾಲರಿಯವರು ಕೊಟ್ಟ ಕರಪತ್ರದಲ್ಲಿ ‘ಅನಂತ’, ‘ಧ್ಯಾನ’, ‘ಆಂತರಿಕ ಪಯಣ’ ಎಂಬ ಮಾತುಗಳಿದ್ದವೇ ಹೊರತು ಬಣ್ಣದ ಬಗ್ಗೆ ಒಂದು ಸಾಲೂ ಇರಲಿಲ್ಲ. ಬಲ್ಲವರು ದಯವಿಟ್ಟು ತಿಳಿಸಬೇಕು.

ಡೊಂಬಿವಲಿಯ ಡ್ರಾಯಿಂಗ್ ಮಾಸ್ತರ್

ಓದುಗರೇ, ಕರಪತ್ರವನ್ನು ಪಕ್ಕಕ್ಕಿಟ್ಟು ಬಣ್ಣದ ಬಗ್ಗೆಯೇ ಕೇಳಿದ್ದೀರಿ, ಅದು ಸರಿಯಾದ ದಾರಿ. ಮುಂಬಯಿಯ ಕನ್ನಡ ಮಾಧ್ಯಮದ ಶಾಲೆಯೊಂದರಲ್ಲಿ ಬಹುಕಾಲ ಚಿತ್ರಕಲೆ ಕಲಿಸಿ ನಿವೃತ್ತನಾದವನು ನಾನು. ಪದಮ್‌ಸಿಯವರ ಚಿತ್ರಗಳನ್ನು ಜಹಾಂಗೀರ್ ಆರ್ಟ್ ಗ್ಯಾಲರಿಯ ಕಾಲದಿಂದಲೂ ನೋಡುತ್ತ ಬಂದಿರುವುದರಿಂದ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ.

1928ರಲ್ಲಿ ಮುಂಬಯಿಯಲ್ಲಿಯೇ ಹುಟ್ಟಿ, ಇಲ್ಲಿನ ಸರ್ ಜೆ. ಜೆ. ಕಲಾಶಾಲೆಯಲ್ಲಿ ಓದಿ, 1951ರಲ್ಲಿ ಪ್ಯಾರಿಸ್ಸಿಗೆ ಹೋದ ಕಲಾವಿದ ಅವರು. ಮೆಟಾಸ್ಕೇಪ್‌ಗಳು ಆರಂಭವಾದದ್ದು 1970ರ ಸುಮಾರಿಗೆ. ಆದರೆ ಆ ಬಣ್ಣಗಳನ್ನು ಅರ್ಥಮಾಡಿಕೊಳ್ಳಬೇಕಾದರೆ ಅದಕ್ಕೂ ಹತ್ತು ವರ್ಷ ಹಿಂದಕ್ಕೆ, ಅವರು ಬಣ್ಣವನ್ನೇ ಬಿಟ್ಟುಕೊಟ್ಟ ಕಾಲಕ್ಕೆ ಹೋಗಬೇಕು. 1959–60ರಲ್ಲಿ ಅವರು ದೊಡ್ಡ ದೊಡ್ಡ ಕ್ಯಾನ್ವಾಸುಗಳನ್ನು ಬರಿಯ ಬೂದುಬಣ್ಣದಲ್ಲಿ ರಚಿಸಿದರು. ಇವುಗಳಲ್ಲಿ ‘ಗ್ರೀಕ್ ಲ್ಯಾಂಡ್‌ಸ್ಕೇಪ್’ ಎಂಬ 1960ರ ಚಿತ್ರ ಸುಮಾರು 12 ಅಡಿ ಅಗಲವಿದ್ದು, 2016ರ ಹರಾಜಿನಲ್ಲಿ 19 ಕೋಟಿ ರೂಪಾಯಿಗೂ ಹೆಚ್ಚಿನ ಬೆಲೆ ಬಂದಾಗ ಪತ್ರಿಕೆಗಳೆಲ್ಲ ಅದರ ಬಗ್ಗೆ ಬರೆದವು. ಬೆಲೆಯ ಮಾತು ಹಾಗಿರಲಿ. ಕಪ್ಪು ಬಿಳುಪುಗಳ ನಡುವೆ ಎಷ್ಟು ಮೆಟ್ಟಿಲುಗಳಿವೆ, ಯಾವ ಮೆಟ್ಟಿಲಿನ ಪಕ್ಕ ಯಾವುದನ್ನಿಟ್ಟರೆ ಗೋಡೆ ಮುಂದೆ ಬರುತ್ತದೆ, ಯಾವುದನ್ನಿಟ್ಟರೆ ಆಕಾಶ ಹಿಂದೆ ಸರಿಯುತ್ತದೆ ಎಂಬ ಒಂದೇ ಪಾಠವನ್ನು ಅವರು ಆ ಕ್ಯಾನ್ವಾಸುಗಳ ಮೇಲೆ ಪಟ್ಟುಹಿಡಿದು ಅಭ್ಯಾಸ ಮಾಡಿದರು. ಕೆಂಪು, ನೀಲಿಗಳ ಆಕರ್ಷಣೆ ಅಲ್ಲಿಲ್ಲವಾದ್ದರಿಂದ ಬೆಳಕಿನ ಪ್ರಮಾಣವೊಂದರಿಂದಲೇ ಎಲ್ಲವನ್ನೂ ನಿಲ್ಲಿಸಬೇಕಾಗಿತ್ತು.

ಈಗ ನೀವು ನೋಡಿದ ಚಿತ್ರಕ್ಕೆ ಬನ್ನಿ. ಗ್ಯಾಲರಿಯವರು ಅನುಮತಿ ಕೊಟ್ಟರೆ ಮೊಬೈಲಿನಲ್ಲಿ ಅದರ ಫೋಟೋ ತೆಗೆದು, ಬಣ್ಣವನ್ನೆಲ್ಲ ತೆಗೆದುಹಾಕಿ ಕಪ್ಪು ಬಿಳುಪಿಗೆ ಬದಲಿಸಿ ನೋಡಿ. ಸಾಮಾನ್ಯ ಕ್ಯಾಲೆಂಡರಿನ ನಿಸರ್ಗಚಿತ್ರವನ್ನು ಹೀಗೆ ಮಾಡಿದರೆ ಅದು ಕಲಸಿಹೋಗುತ್ತದೆ, ಏಕೆಂದರೆ ಅದರ ಹಸಿರೂ ಕೆಂಪೂ ಬೆಳಕಿನ ಅಳತೆಯಲ್ಲಿ ಒಂದೇ ಆಗಿರುತ್ತವೆ. ಪದಮ್‌ಸಿಯವರ ಒಳ್ಳೆಯ ಮೆಟಾಸ್ಕೇಪ್ ಹಾಗೆ ಕುಸಿಯುವುದಿಲ್ಲ. ಗುಡ್ಡ ಗುಡ್ಡವಾಗಿಯೇ, ನೀರು ನೀರಾಗಿಯೇ, ದಿಗಂತ ದಿಗಂತವಾಗಿಯೇ ಉಳಿಯುತ್ತದೆ. ಅಂದರೆ ಜಾಗದ ಆಳವನ್ನು ಮೊದಲು ಬೂದಿನ ಅಳತೆಯಲ್ಲಿ ಕಟ್ಟಲಾಗಿದೆ. ಆ ಕಟ್ಟಡ ಗಟ್ಟಿಯಾಗಿರುವುದರಿಂದಲೇ ಮೇಲಿನ ಬಣ್ಣಕ್ಕೆ ‘ಎಲೆ ಹಸಿರಾಗಿರಬೇಕು, ಆಕಾಶ ನೀಲಿಯಾಗಿರಬೇಕು’ ಎಂಬ ಕಟ್ಟುಪಾಡಿನಿಂದ ಬಿಡುಗಡೆ ದೊರಕಿದೆ. ತೋಚಿದ ಬಣ್ಣವೇ ಎಂದು ಕೇಳಿದಿರಲ್ಲ, ಬಣ್ಣದ ಹೆಸರನ್ನು ಮನಸ್ಸಿಗೆ ಬಂದಂತೆ ಆರಿಸಿಕೊಂಡಿರಬಹುದು, ಅದರ ತೂಕವನ್ನು, ಅಂದರೆ ಬೆಳಕಿನ ಅಳತೆಯನ್ನು, ಹಾಗೆ ಆರಿಸಿಕೊಂಡಿಲ್ಲ.

ಎರಡನೆಯ ಸಂಗತಿ ಚೂರಿಯದು. ಈ ಚಿತ್ರಗಳಲ್ಲಿ ಅವರು ಬಣ್ಣವನ್ನು ಬಹುಪಾಲು ಪ್ಯಾಲೆಟ್ ನೈಫಿನಿಂದ ಹಚ್ಚಿದ್ದಾರೆ. ಕುಂಚ ಎರಡು ಬಣ್ಣಗಳ ಅಂಚನ್ನು ನಯವಾಗಿ ಬೆಸೆದುಬಿಡುತ್ತದೆ. ಚೂರಿಯಾದರೋ ಒಂದು ಎಳೆತದಲ್ಲಿ ಚಪ್ಪಟೆಯಾದ ಒಂದು ತುಂಡನ್ನು ಇಟ್ಟು, ಅದರ ಅಂಚನ್ನು ಹರಿತವಾಗಿ ಬಿಟ್ಟು, ಪೂರ್ತಿ ಬೆರೆಯದ ಎರಡು ಬಣ್ಣಗಳನ್ನು ಒಂದೇ ಗೆರೆಯಲ್ಲಿ ತೋರಿಸುತ್ತದೆ. ಹತ್ತಿರ ಹೋಗಿ ನೋಡಿದರೆ ನೀವು ಇಟ್ಟಿಗೆಯ ಕೆಂಪು ಎಂದ ಜಾಗದಲ್ಲಿ ಕಿತ್ತಳೆ, ಕಾವಿ, ಒಂದಿಷ್ಟು ಕಪ್ಪು ನೇರಳೆ, ಅಲ್ಲಲ್ಲಿ ತಳದಿಂದ ಇಣುಕುವ ತಣ್ಣನೆಯ ಬೂದು, ಇವೆಲ್ಲ ಬೇರೆಬೇರೆಯಾಗಿಯೇ ಸಿಗುತ್ತವೆ. ಅವನ್ನು ಬೆರೆಸುವ ಕೆಲಸ ನಿಮ್ಮ ಕಣ್ಣಿನದು. ಆ ನೀಲಿಯ ಪಟ್ಟಿ ಅಷ್ಟು ಕಿರಿದಾಗಿದ್ದೂ ಅಷ್ಟು ನೀಲಿಯಾಗಿ ಹೊಳೆದದ್ದಕ್ಕೆ ಕಾರಣ ಅದರ ಸುತ್ತಲಿನ ಕಿತ್ತಳೆ. ಪ್ಯಾರಿಸ್ಸಿನ ಗೊಬೆಲಿನ್ ನೇಯ್ಗೆ ಕಾರ್ಖಾನೆಯಲ್ಲಿ ಬಣ್ಣಗಾರಿಕೆಯ ವಿಭಾಗದ ಮುಖ್ಯಸ್ಥನಾಗಿದ್ದ ಶೆವ್ರೊಲ್ ಎಂಬ ರಸಾಯನಶಾಸ್ತ್ರಜ್ಞನಿಗೆ, ಕಪ್ಪು ನೂಲು ಸತ್ವವಿಲ್ಲದಂತೆ ಕಾಣುತ್ತಿದೆ ಎಂಬ ದೂರು ಬಂದಾಗ, ದೋಷ ನೂಲಿನದಲ್ಲ, ಪಕ್ಕದಲ್ಲಿದ್ದ ಬಣ್ಣದ್ದು ಎಂದು ತಿಳಿಯಿತು. 1839ರಲ್ಲಿ ಅವನು ಅದನ್ನೇ ಒಂದು ಗ್ರಂಥವಾಗಿ ಪ್ರಕಟಿಸಿದ. ಪಕ್ಕಪಕ್ಕದ ಬಣ್ಣಗಳು ಒಂದನ್ನೊಂದು ಬದಲಿಸುತ್ತವೆ ಎಂಬ ಆ ನಿಯಮವನ್ನು ಬಿಟ್ಟರೆ ಮೆಟಾಸ್ಕೇಪಿನ ನೀರು ಇಲ್ಲ.

ಇನ್ನು ಸೂರ್ಯಚಂದ್ರರು. ಅವರಿಬ್ಬರೂ ಒಟ್ಟಿಗೇ ಇರುವುದಕ್ಕೆ ಪದಮ್‌ಸಿಯವರೇ ಕಾಳಿದಾಸನ ‘ಅಭಿಜ್ಞಾನಶಾಕುಂತಲ’ದ ನಾಂದಿ ಶ್ಲೋಕವನ್ನು ಆಧಾರವಾಗಿ ಹೇಳಿದ್ದಾರೆ. ಆ ಶ್ಲೋಕದಲ್ಲಿ ಶಿವನ ಎಂಟು ಪ್ರತ್ಯಕ್ಷ ರೂಪಗಳು ಬರುತ್ತವೆ, ಆದರೆ ನೇರವಾಗಿ ನೀರು, ಬೆಂಕಿ, ಸೂರ್ಯ, ಚಂದ್ರ ಎಂಬ ಹೆಸರುಗಳು ಬರುವುದಿಲ್ಲ. ಸೃಷ್ಟಿಯಲ್ಲಿ ಮೊದಲನೆಯದು, ಹವಿಸ್ಸನ್ನು ಒಯ್ಯುವಂಥದು, ಕಾಲವನ್ನು ವಿಧಿಸುವ ಇಬ್ಬರು, ಎಲ್ಲ ಬೀಜಗಳ ಮೂಲವಾದದ್ದು ಎಂದು ಅವುಗಳ ಕೆಲಸವನ್ನಷ್ಟೇ ಹೇಳಲಾಗುತ್ತದೆ. ಚಿತ್ರದಲ್ಲಿಯೂ ಆದದ್ದು ಅದೇ. ನೀರಿನ ರೂಪವನ್ನಾಗಲಿ ಮಣ್ಣಿನ ರೂಪವನ್ನಾಗಲಿ ಬರೆಯದೆ, ಒಂದು ತಣ್ಣಗಿನ ಬಣ್ಣ ಹರಿದುಹೋಗುವಂತೆ, ಒಂದು ಬಿಸಿಯ ಬಣ್ಣ ಭಾರವಾಗಿ ಕುಳಿತುಕೊಳ್ಳುವಂತೆ ಮಾಡಲಾಗಿದೆ. ಊರಿನ ಗುರುತು ಇಲ್ಲದಿದ್ದರೂ ಬಯಲಿನಲ್ಲಿ ನಿಂತಂತಾಯಿತು ಎಂದು ನೀವು ಬರೆದದ್ದಕ್ಕೆ ನನಗೆ ಕಾಣುವ ಕಾರಣ ಇದು.

ಕೋಥ್ರೂಡಿನ ಜಲವರ್ಣ

ಮಾಸ್ತರರ ವಿವರಣೆಯನ್ನು ಆದರದಿಂದಲೇ ಓದಿದೆ. ಬೂದಿನ ಅಳತೆಯ ಮಾತು ನೂರಕ್ಕೆ ನೂರು ಸರಿ. ಆದರೆ ಇದರಿಂದ, ಎದುರಿಗೆ ಕುಳಿತು ನೋಡಿ ಬರೆಯುವ ನಿಸರ್ಗಚಿತ್ರ ಕೆಳದರ್ಜೆಯದು, ಮನಸ್ಸಿನಿಂದ ಬರೆದದ್ದೇ ಮೇಲು ಎಂಬ ಅಭಿಪ್ರಾಯ ಓದುಗರಲ್ಲಿ ಬೇರೂರಬಾರದು. ನಾನು ಪುಣೆಯಲ್ಲಿದ್ದೇನೆ, ಜಲವರ್ಣದಲ್ಲಿ ಕೆಲಸ ಮಾಡುತ್ತೇನೆ. ರಜಾದಿನಗಳಲ್ಲಿ ಮಡಚುವ ಸ್ಟೂಲು ಹಿಡಿದುಕೊಂಡು ಸಿಂಹಗಡದ ಇಳಿಜಾರಿಗೋ ಮುಳಾ–ಮುಠಾ ದಂಡೆಗೋ ಹೋಗಿ ಕೂರುವ ಗುಂಪಿನಲ್ಲಿ ಒಬ್ಬ.

ಶ್ರಾವಣದಲ್ಲಿ ಆ ಇಳಿಜಾರನ್ನು ನೋಡಿ ಬರೆಯಲು ಕುಳಿತವರಿಗೆ ಮೊದಲ ತೊಡಕು ಹಸಿರಿನದೇ. ಹಗಲು ಬೆಳಕಿನಲ್ಲಿ ಮನುಷ್ಯನ ಕಣ್ಣು ಅತ್ಯಂತ ಚುರುಕಾಗಿರುವುದು ಹಳದಿ ಬೆರೆತ ಹಸಿರಿಗೆ, ಸುಮಾರು 555 ನ್ಯಾನೋಮೀಟರ್ ತರಂಗದೂರದ ಬೆಳಕಿಗೆ. ನನ್ನ ಅನುಭವದಲ್ಲಿ ಹಸಿರಿನಲ್ಲಿ ಸ್ವಲ್ಪ ಸುಳ್ಳು ಹೇಳಿದರೂ ಕಣ್ಣು ತಕ್ಷಣ ಹಿಡಿಯುತ್ತದೆ. ಟ್ಯೂಬಿನಿಂದ ನೇರವಾಗಿ ಹಿಂಡಿದ ವಿರಿಡಿಯನ್ ಹಸಿರನ್ನು ಗುಡ್ಡಕ್ಕೆ ಬಳಿದರೆ ಅದು ಪ್ಲಾಸ್ಟಿಕ್ಕಿನ ಹಾಳೆಯಂತೆ ಕಾಣುತ್ತದೆ. ಅಲ್ಟ್ರಾಮರೀನ್ ನೀಲಿಗೆ ಹಳದಿಯನ್ನು ಬೆರೆಸಿ, ಮೇಲೆ ಬರ್ನ್ಟ್ ಸಿಯೆನ್ನಾ ಎಂಬ ಕೆಂಗಂದು ಬಣ್ಣದ ಒಂದು ಹನಿಯನ್ನು ಬಿಟ್ಟಾಗಲೇ ಆ ಹಸಿರಿಗೆ ಮಣ್ಣಿನ ಸಂಬಂಧ ಹುಟ್ಟುತ್ತದೆ. ಅದೂ ಹತ್ತಿರದ ಹುಲ್ಲಿಗೆ ಮಾತ್ರ. ನಡುವಿನ ಗುಡ್ಡಕ್ಕೆ ಹೋಗುವಷ್ಟರಲ್ಲಿ ಹಳದಿ ಕಡಿಮೆಯಾಗುತ್ತದೆ, ಅದರ ಹಿಂದಿನ ಸಾಲಿನಲ್ಲಿ ಹಸಿರೇ ಇಲ್ಲ, ಬರಿಯ ನೀಲಿಬೂದು. ನಡುವಿನ ಗಾಳಿ ನೀಲಿ ಬೆಳಕನ್ನು ಹೆಚ್ಚಾಗಿ ಚದುರಿಸುವುದೇ ಇದಕ್ಕೆ ಕಾರಣವೆಂದು ಎಲ್ಲರಿಗೂ ಗೊತ್ತು. ಆದರೆ ಮೋಡದ ನೆರಳು ಓಡುತ್ತಿರುವಾಗ ಈ ಕ್ರಮವೂ ತಲೆಕೆಳಗಾಗಿ, ದೂರದ ಗುಡ್ಡ ಬಿಸಿಲಿನಲ್ಲಿ ಹಳದಿಯಾಗಿ, ಕಾಲ ಬಳಿಯ ಬಸಾಲ್ಟಿನ ಬಂಡೆ ನೇರಳೆ ಕಪ್ಪಾಗಿ ಕಾಣುವ ಗಳಿಗೆಗಳಿವೆ. ಸ್ಟುಡಿಯೋದಲ್ಲಿ ಕುಳಿತವರಿಗೆ ಇದು ಹೊಳೆಯುವುದು ಕಷ್ಟ.

ಸಾತಾರಾ ಸಮೀಪದ ಕಾಸ್ ಪ್ರಸ್ಥಭೂಮಿಯನ್ನು ನೋಡಿದವರು ನನ್ನ ಮಾತನ್ನು ಒಪ್ಪಬಹುದು. ಮಳೆಗಾಲದ ಕೊನೆಯಲ್ಲಿ ಅಲ್ಲಿನ ಕರಿಬಂಡೆಯ ಮೇಲೆ ಸೋನ್ಕಿಯ ಹಳದಿ, ಕರ್ಣಕುಂಡಲದ ಗುಲಾಬಿ, ಕೀಟಾಹಾರಿ ಯುಟ್ರಿಕ್ಯುಲೇರಿಯಾದ ನೀಲಿನೇರಳೆ ಹಾಸಿಕೊಂಡಿರುವುದನ್ನು ಇದ್ದಂತೆಯೇ ಬರೆದರೆ, ಕಲಾವಿದ ಬಣ್ಣವನ್ನು ಉತ್ಪ್ರೇಕ್ಷೆ ಮಾಡಿದ್ದಾನೆ ಎಂದು ನೋಡಿದವರೇ ದೂರುತ್ತಾರೆ. ನಿಸರ್ಗದಲ್ಲಿ ಎಲ್ಲಿಯೂ ಕಾಣದ ಬಣ್ಣ ಎಂದು ಓದುಗರು ಬರೆದಿದ್ದೀರಿ, ಅದನ್ನು ಹೇಳುವ ಮೊದಲು ನಿಸರ್ಗವನ್ನು ಇನ್ನಷ್ಟು ನೋಡಬೇಕೆಂಬುದು ನನ್ನ ವಿನಂತಿ.

ಮೆಟಾಸ್ಕೇಪ್‌ಗಳ ಬಗ್ಗೆ ನನ್ನದೊಂದು ಅಸಮಾಧಾನವೂ ಇದೆ. ಹಲವನ್ನು ಒಟ್ಟಿಗೆ ನೋಡಿದಾಗ ಅಡ್ಡಗೆರೆ, ಬಿಂಬ, ತ್ರಿಕೋನದ ಗುಡ್ಡ ಇವು ಪುನರಾವರ್ತನೆಯಾಗುತ್ತವೆ, ಬಣ್ಣ ಬದಲಾಗುತ್ತದೆ, ಆಶ್ಚರ್ಯ ಕಡಿಮೆಯಾಗುತ್ತದೆ. ಎದುರಿಗೆ ಜಾಗವೊಂದಿದ್ದರೆ ಅದು ಕಲಾವಿದನ ರೂಢಿಯನ್ನು ಮುರಿಯುತ್ತದೆ. ಇಲ್ಲಿ ಮುರಿಯುವವರು ಯಾರೂ ಇಲ್ಲ.

ಮಾಟುಂಗಾದ ಓದುಗ

ಇಬ್ಬರಿಗೂ ಧನ್ಯವಾದಗಳು. ಮಾಸ್ತರರು ಹೇಳಿದ ಕಪ್ಪು ಬಿಳುಪಿನ ಪರೀಕ್ಷೆಯನ್ನು ಕರಪತ್ರದಲ್ಲಿದ್ದ ಮುದ್ರಿತ ಚಿತ್ರದ ಮೇಲೆಯೇ ಮಾಡಿದೆ. ಗುಡ್ಡಗಳ ಸಾಲು ಸ್ಪಷ್ಟವಾಗಿಯೇ ಉಳಿಯಿತು. ಎರಡು ಬಿಂಬಗಳಲ್ಲಿ ಒಂದು ಮಾತ್ರ ಹಿನ್ನೆಲೆಯಲ್ಲಿ ಹೆಚ್ಚುಕಡಿಮೆ ಮಾಯವಾಯಿತು. ಅದೂ ಉದ್ದೇಶಪೂರ್ವಕವೇ?

ಇನ್ನೊಂದು ಪ್ರಶ್ನೆ. ಪದಮ್‌ಸಿಯವರಲ್ಲಿ ಕೆಂಪು ಮತ್ತು ಕಾವಿ, ಅವರ ಸಮಕಾಲೀನ ಚಿತ್ರಕಾರ ಎಸ್. ಎಚ್. ರಝಾ ಅವರಲ್ಲಿಯೂ ಕೆಂಪು ಮತ್ತು ಕಾವಿ. ‘ಭಾರತದ ಮಣ್ಣಿನ ಬಣ್ಣ’ ಎಂದು ಬರೆದಿರುವುದನ್ನು ಎಲ್ಲೆಡೆ ಓದುತ್ತೇನೆ. ಈ ಮಾತಿನಲ್ಲಿ ನಿಜವೆಷ್ಟು, ಅಲಂಕಾರವೆಷ್ಟು?

ಫೋಂಡಾ ನಿವಾಸಿ

ಮಣ್ಣಿನ ಪ್ರಶ್ನೆ ಬಂದದ್ದರಿಂದ ಬರೆಯುತ್ತಿದ್ದೇನೆ. ನಾನು ಭೂವಿಜ್ಞಾನ ಓದಿದವನು, ಅಂಕೋಲಾ ಕಡೆಯವನು, ಕೆಲಸದ ನಿಮಿತ್ತ ಗೋವೆಯಲ್ಲಿಯೇ ನೆಲೆಸಿದ್ದೇನೆ. ಕಲೆಯ ವಿಮರ್ಶೆ ನನ್ನ ಕ್ಷೇತ್ರವಲ್ಲ.

ಆ ಮಾತಿನಲ್ಲಿ ಅಕ್ಷರಶಃ ನಿಜವಿರುವ ಒಂದು ಭಾಗವಿದೆ. ನಮ್ಮ ಕರಾವಳಿಯ ಚಿರೇಕಲ್ಲು, ಅಂದರೆ ದಕ್ಷಿಣ ಕನ್ನಡದವರು ಮುರಕಲ್ಲು ಎನ್ನುವ ಆ ಕೆಂಪುಕಲ್ಲು, ಮಳೆ ಬಿಸಿಲುಗಳು ಬಂಡೆಯನ್ನು ದೀರ್ಘಕಾಲ ತೊಳೆದು ಕರಗುವುದನ್ನೆಲ್ಲ ಒಯ್ದ ಮೇಲೆ ಉಳಿದ ಕಬ್ಬಿಣ ಮತ್ತು ಅಲ್ಯುಮಿನಿಯಮ್ಮಿನ ಆಕ್ಸೈಡುಗಳ ರಾಶಿ. ಅದರಲ್ಲಿನ ಕೆಂಪಿಗೆ ಹೆಮಟೈಟ್ ಕಾರಣ, ಹಳದಿಗೆ ನೀರಿನಂಶ ಸೇರಿದ ಗೊಯಥೈಟ್ ಕಾರಣ. ಗೋವೆಯಲ್ಲಿ ಹೊಸದಾಗಿ ಕಡಿದ ಕಲ್ಲನ್ನು ಹತ್ತಿರದಿಂದ ನೋಡಿದರೆ ಅಂಗೈಯಷ್ಟು ಜಾಗದಲ್ಲಿ ರಕ್ತಗೆಂಪು, ಅರಿಸಿನ, ನೇರಳೆ ಕಂದು, ಜೇಡಿಯ ಬಿಳುಪು ಇಷ್ಟೂ ಒಂದರೊಳಗೊಂದು ಬೆರೆಯದೆ ನಿಂತಿರುತ್ತವೆ. ಮಾಸ್ತರರು ವರ್ಣಿಸಿದ ಚೂರಿಯ ಕೆಲಸವನ್ನು ಓದುವಾಗ ನನಗೆ ನೆನಪಾದದ್ದು ಈ ಕಲ್ಲಿನ ಮುಖವೇ. ಇನ್ನು ಚಿತ್ರಕಾರರ ಪೆಟ್ಟಿಗೆಯಲ್ಲಿರುವ ಯೆಲ್ಲೋ ಓಕರ್‌ನಲ್ಲಿ ಬಣ್ಣ ಕೊಡುವುದು ಗೊಯಥೈಟೇ. ಪುಣೆಯವರು ಹಸಿರಿಗೆ ಬಿಡುವ ಬರ್ನ್ಟ್ ಸಿಯೆನ್ನಾ ಎಂದರೆ ಅಂಥದೇ ಹಳದಿಮಣ್ಣನ್ನು ಸುಟ್ಟು, ನೀರಿನಂಶ ಹೋಗಿ ಗೊಯಥೈಟು ಹೆಮಟೈಟಾಗಿ ಮಾರ್ಪಟ್ಟು ಕೆಂಪೇರಿದ ಪುಡಿ. ಈಗ ಇವು ಕಾರ್ಖಾನೆಯಲ್ಲಿಯೂ ತಯಾರಾಗುತ್ತವೆ, ಆದರೆ ವಸ್ತು ಅದೇ. ಹಾಗಾಗಿ ಕ್ಯಾನ್ವಾಸಿನ ಮೇಲಿನ ಕೆಂಪುಗುಡ್ಡ ಮಣ್ಣಿನ ಚಿತ್ರವೂ ಹೌದು, ಮಣ್ಣೂ ಹೌದು.

ಆದರೆ ಇದು ಭಾರತಕ್ಕೇ ಮೀಸಲಾದ ಬಣ್ಣವಲ್ಲ. ಸಿಯೆನ್ನಾ ಎಂಬ ಊರು ಇಟಲಿಯಲ್ಲಿದೆ, ಒಳ್ಳೆಯ ಓಕರ್ ಗಣಿಗಳು ದಕ್ಷಿಣ ಫ್ರಾನ್ಸಿನಲ್ಲಿವೆ. ಅಲಂಕಾರದ ಪಾಲು ಅಲ್ಲಿದೆ.

ಮಾಯವಾದ ಬಿಂಬದ ಬಗ್ಗೆ ಒಂದು ಮಾತು. ಕಲಾವಿದರ ಉದ್ದೇಶ ನನಗೆ ತಿಳಿಯದು, ಆದರೆ ಸಂಜೆಯ ವೇಳೆ ಕಣ್ಣಿನಲ್ಲಿ ನಡೆಯುವ ಒಂದು ಬದಲಾವಣೆ ಇಲ್ಲಿ ಪ್ರಸ್ತುತ. ಬೆಳಕು ಇಳಿದಂತೆ ನಮ್ಮ ಕಣ್ಣಿನ ಚುರುಕು 555 ನ್ಯಾನೋಮೀಟರಿನಿಂದ ಸುಮಾರು 507ರ ಕಡೆಗೆ, ಅಂದರೆ ನೀಲಿಹಸಿರಿನತ್ತ ಜಾರುತ್ತದೆ. ಪುರ್ಕಿನ್ಯೆ ಎಂಬ ವಿಜ್ಞಾನಿ ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಇದನ್ನು ಗುರುತಿಸಿದ. ಅಂಗಳದ ದಾಸವಾಳವನ್ನು ದೀಪ ಹಚ್ಚುವ ಹೊತ್ತಿನಲ್ಲಿ ನೋಡಿದರೆ ಸಾಕು, ಹಗಲು ಉರಿಯುತ್ತಿದ್ದ ಕೆಂಪು ಹೂವು ಕಪ್ಪಾಗಿ, ಅದರ ಎಲೆಯೇ ಹೂವಿಗಿಂತ ಬೆಳ್ಳಗೆ ಕಾಣುತ್ತದೆ. ಹಗಲಿನ ಬಿಂಬ ಮತ್ತು ರಾತ್ರಿಯ ಬಿಂಬ ಒಂದೇ ಆಕಾಶದಲ್ಲಿದ್ದರೆ ಒಂದು ಬಣ್ಣದಿಂದ ಹೊಳೆಯಬೇಕು, ಇನ್ನೊಂದು ಬೆಳಕಿನ ಅಳತೆಯಿಂದ ಹೊಳೆಯಬೇಕು. ನಿಮ್ಮ ಕಪ್ಪು ಬಿಳುಪಿನ ಚಿತ್ರದಲ್ಲಿ ಮಾಯವಾದದ್ದು ಕೆಂಪು ಅಥವಾ ಕಿತ್ತಳೆಯ ಬಿಂಬವಾಗಿದ್ದರೆ ಅದು ಮೊದಲನೆಯ ಬಗೆಯದು.

ಡೊಂಬಿವಲಿಯ ಡ್ರಾಯಿಂಗ್ ಮಾಸ್ತರ್

ಫೋಂಡಾದವರು ಬರೆದದ್ದರಿಂದ ನನಗೂ ಲಾಭವಾಯಿತು. ಕೋಥ್ರೂಡಿನವರೇ, ಪುನರಾವರ್ತನೆಯ ಆಕ್ಷೇಪವನ್ನು ನಾನು ಅರ್ಧ ಒಪ್ಪುತ್ತೇನೆ. ಎಲ್ಲ ಮೆಟಾಸ್ಕೇಪ್‌ಗಳೂ ಒಂದೇ ಎತ್ತರದವಲ್ಲ. ಆದರೆ ರೂಢಿಯನ್ನು ಮುರಿಯುವವರು ಯಾರೂ ಇಲ್ಲ ಎಂಬುದನ್ನು ಒಪ್ಪಲಾರೆ. ಎದುರಿಗಿರುವ ಜಾಗವು ಮಾಡುವ ಆ ಕೆಲಸವನ್ನು ಅವರಲ್ಲಿ ಮಾಧ್ಯಮ ಮಾಡುತ್ತಿತ್ತು. ನೆಹರೂ ಫೆಲೋಶಿಪ್ ಸಿಕ್ಕಾಗ ಆ ಹಣದಿಂದ ಮುಂಬಯಿಯಲ್ಲಿಯೇ ಬೇರೆಬೇರೆ ಕಲಾವಿದರು ಕೂಡಿ ಪ್ರಯೋಗ ನಡೆಸುವ ಕಾರ್ಯಾಗಾರವನ್ನು ತೆರೆದು, ಗೆರೆಗಳ ಲೆಕ್ಕಾಚಾರದಿಂದಲೇ ‘ಸಿಝಿಜಿ’ ಎಂಬ ಅನಿಮೇಷನ್ ಚಿತ್ರವನ್ನು ಮಾಡಿದ ಬೆನ್ನಿಗೇ ಈ ನಿಸರ್ಗಚಿತ್ರಗಳು ಬಂದವು. 1990ರ ದಶಕದಲ್ಲಿ ಎರಡು ಕ್ಯಾನ್ವಾಸುಗಳನ್ನು ಅಕ್ಕಪಕ್ಕ ಜೋಡಿಸಿ, ಒಂದು ಇನ್ನೊಂದರ ಪ್ರತಿಬಿಂಬದಂತಿದ್ದೂ ಬಣ್ಣದಲ್ಲಿ ಬೇರೆಯಾಗುವ ಚಿತ್ರಗಳನ್ನು ಮಾಡಿದರು. ಅವುಗಳೆದುರು ನಿಂತರೆ ಗುಡ್ಡ ಅದೇ, ಹೊತ್ತು ಬೇರೆ ಎನಿಸುತ್ತದೆ. ಆ ಜೋಡಿಚಿತ್ರಗಳನ್ನು ನೋಡಿದ ಮೇಲೆ ನಿಮ್ಮ ಅಭಿಪ್ರಾಯವನ್ನು ಮತ್ತೆ ಕೇಳುವ ಆಸೆ ನನಗಿದೆ.

ರಝಾ ಅವರ ಕೆಂಪು ಬೇರೆ ದಾರಿಯಿಂದ ಬಂದದ್ದು. 1940ರ ದಶಕದಲ್ಲಿ ಇದೇ ಮುಂಬಯಿಯ ಬೀದಿಗಳನ್ನು, ಮಳೆಯನ್ನು ಜಲವರ್ಣದಲ್ಲಿ ಬರೆಯುತ್ತಿದ್ದವರು ಅವರು. 1950ರಲ್ಲಿ ಫ್ರಾನ್ಸಿಗೆ ಹೋಗಿ ಅಲ್ಲಿಯೇ ನೆಲೆಸಿದ ಮೇಲೆ ಅವರ ನಿಸರ್ಗಚಿತ್ರ ಮೊದಲು ಮನೆ, ಚರ್ಚುಗಳ ಆಕಾರಗಳನ್ನು ಉಳಿಸಿಕೊಂಡು, ಆಮೇಲೆ ಅವನ್ನೂ ಕರಗಿಸಿ, ಬರಿಯ ಬಣ್ಣದ ಬಿರುಸಾಗಿ ಮಾರ್ಪಟ್ಟಿತು. ಮಧ್ಯಪ್ರದೇಶದ ಮಂಡಲಾ ಜಿಲ್ಲೆಯ ಕಾಡಿನ ನಡುವೆ ಕಳೆದ ಬಾಲ್ಯದ ರಾತ್ರಿಗಳು ಅದರಲ್ಲಿವೆ ಎಂದು ಅವರೇ ಹೇಳುತ್ತಿದ್ದರು. 1983ರ ‘ಸೌರಾಷ್ಟ್ರ’ದ ಹೊತ್ತಿಗೆ ಆ ಕೆಂಪು, ಹಳದಿ, ಕಪ್ಪುಗಳು ಚೌಕಗಳಲ್ಲಿ ಕುಳಿತುಕೊಂಡವು; ಬಿಂದು ಎಂಬ ಕಪ್ಪು ವೃತ್ತವೂ ಅವುಗಳ ಜೊತೆ ಬಂದು ನಿಂತಿತು. ಇಬ್ಬರ ಕೆಂಪನ್ನು ನೋಡುವಾಗ ನಾನು ಗಮನಿಸುವ ವ್ಯತ್ಯಾಸ ಒಂದೇ. ರಝಾ ಅವರ ಕೆಂಪು ತನ್ನಷ್ಟಕ್ಕೇ ಕಾವೇರುತ್ತದೆ, ಪಕ್ಕದ ಬಣ್ಣವನ್ನು ತೆಗೆದರೂ ಅದು ಕೆಂಪೇ. ಪದಮ್‌ಸಿಯವರದು ಪಕ್ಕದ ಬೂದಿನ, ನೀಲಿಯ ಆಸರೆಯಿಂದ ಕೆಂಪಾಗಿರುತ್ತದೆ. ಯಾರು ದೊಡ್ಡವರು ಎಂಬ ಪ್ರಶ್ನೆ ನನಗೆ ಬೇಡ. ನನ್ನ ಕಣ್ಣಿಗೆ ಎರಡನೆಯದು ಹೆಚ್ಚು ಹೊತ್ತು ಕೆಲಸ ಕೊಡುತ್ತದೆ.

ಓದುಗರೇ, ಮಾಯವಾದ ಬಿಂಬದ ವಿಷಯದಲ್ಲಿ ಕರಪತ್ರವನ್ನು ನಂಬಬೇಡಿ. ನಾಲ್ಕು ಶಾಯಿಗಳ ಮುದ್ರಣದಲ್ಲಿ ಪ್ರಖರವಾದ ಕಿತ್ತಳೆಗೆಂಪು ಪೂರ್ತಿಯಾಗಿ ಬರುವುದೇ ಇಲ್ಲ. ತೈಲದಲ್ಲಿ ಅದಕ್ಕಿರುವ ಹೊಳಪು ಕಾಗದದ ಮೇಲೆ ಮಂಕಾಗಿ ಕಂದಿನ ಕಡೆಗೆ ಜಾರುತ್ತದೆ, ಅದರೊಂದಿಗೆ ಬೆಳಕಿನ ಅಳತೆಯೂ ಬದಲಾಗುತ್ತದೆ. ಮೊಬೈಲಿನ ಕ್ಯಾಮೆರಾ ತನ್ನಷ್ಟಕ್ಕೆ ಬಣ್ಣವನ್ನು ಸರಿಪಡಿಸುವುದರಿಂದ ಅಲ್ಲಿಯೂ ಎಚ್ಚರಿಕೆ ಬೇಕು. ಫೋಟೋ ತೆಗೆಯಲು ಬಿಡದಿದ್ದರೆ ಚಿತ್ರದೆದುರು ಕಣ್ಣನ್ನು ಅರೆಮುಚ್ಚಿ ನೋಡಿ. ರೆಪ್ಪೆಗಳ ನಡುವೆ ಬೆಳಕು ಕಡಿಮೆಯಾದಾಗ ಬಣ್ಣಗಳ ಭೇದ ಅಡಗಿ ತೂಕದ ಭೇದ ಉಳಿಯುತ್ತದೆ. ಹಳೆಯ ಡ್ರಾಯಿಂಗ್ ಮಾಸ್ತರರೆಲ್ಲ ಮಕ್ಕಳಿಗೆ ಹೇಳಿಕೊಡುತ್ತಿದ್ದ ಉಪಾಯ ಇದು. ಮೊದಲು ಕೋಣೆಯ ಬಾಗಿಲಿನ ಬಳಿಯಿಂದ ಹೀಗೆ ನೋಡಿ, ಆಮೇಲೆ ಒಂದು ಮೊಳದಷ್ಟು ಹತ್ತಿರಕ್ಕೆ ಹೋಗಿ ನೀಲಿಯ ಪಟ್ಟಿಯ ಅಂಚನ್ನು ಮಾತ್ರ ಗಮನಿಸಿ. ಅಲ್ಲಿ ನೀಲಿಯ ಕೆಳಗೆ ಯಾವ ಬಣ್ಣ ಇಣುಕುತ್ತಿದೆ ಎಂದು ಇಲ್ಲಿಯೇ ಬರೆದು ತಿಳಿಸಿ.